ಮೊಳಕೆ ತಡೆಯುವ ಮದ್ದು: ಆಲೂಗೆಡ್ಡೆ ಕೊಳ್ಳುವವರಿಗಿರುವ ಹಕ್ಕು

ಉತ್ತರ ಭಾರತದಲ್ಲಿ ಫೆಬ್ರುವರಿ-ಮಾರ್ಚ್‌ನಲ್ಲಿ ಕಿತ್ತ ಆಲೂಗೆಡ್ಡೆ ತಿಂಗಳುಗಟ್ಟಲೆ ಕೋಲ್ಡ್ ಸ್ಟೋರೇಜ್‌ನಲ್ಲಿರುತ್ತದೆ. 2ರಿಂದ 4 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲಿಟ್ಟರೆ ಮೊಳಕೆ ಬರುವುದಿಲ್ಲ, ಆದರೆ ಗೆಡ್ಡೆ ಸಿಹಿಯಾಗುತ್ತದೆ, ಚಿಪ್ಸ್ ಕರಿದರೆ ಕಪ್ಪಾಗುತ್ತದೆ. ಅದಕ್ಕಾಗಿ ಚಿಪ್ಸ್‌ಗೆ ಬೇಕಾದ ಗೆಡ್ಡೆಯನ್ನು 10–12 ಡಿಗ್ರಿಯಲ್ಲಿಟ್ಟು ಕ್ಲೋರ್‌ಪ್ರೊಫಾಮ್ ಎಂಬ ರಾಸಾಯನಿಕದ ಹೊಗೆ ಹಾಯಿಸುತ್ತಾರೆ. ವ್ಯಾಪಾರಿಗಳ ಬಾಯಲ್ಲಿ ಇದು ಸಿಐಪಿಸಿ. ಇದರ ಬಹುಪಾಲು ಸಿಪ್ಪೆಯಲ್ಲೇ ಉಳಿಯುತ್ತದೆ. ಸಿಪ್ಪೆ ಸಮೇತ ಬೇಯಿಸಿ ತಿನ್ನುವ ಮನೆಗಳು ಇದನ್ನು ಗಮನಿಸಬೇಕು.

ಐರೋಪ್ಯ ಒಕ್ಕೂಟ 2019ರಲ್ಲಿ ಇದರ ಅನುಮತಿಯನ್ನು ನವೀಕರಿಸಲಿಲ್ಲ. 2020ರ ಅಕ್ಟೋಬರ್ 8ರ ನಂತರ ಅಲ್ಲಿ ಬಳಕೆ ಪೂರ್ತಿ ನಿಂತಿತು. ಆದರೆ ಆ ನಿಷೇಧ ತೋರಿಸಿ ಇಲ್ಲಿ ದೂರು ಕೊಟ್ಟರೆ ನಿಲ್ಲದು. ನಮ್ಮ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ 21ನೇ ಕಲಂ ಹೇಳುವುದು: ಕೀಟನಾಶಕದ ಶೇಷಾಂಶ ನಿಗದಿತ ಮಿತಿ ದಾಟಬಾರದು. ಅಂಶ ಸಿಕ್ಕಿದ ಮಾತ್ರಕ್ಕೆ ಅಪರಾಧವಾಗದು, ಮಿತಿ ಮೀರಿದ್ದನ್ನು ಪ್ರಯೋಗಾಲಯದ ವರದಿ ತೋರಿಸಬೇಕು.

ಆ ವರದಿಯನ್ನು ಸಾಮಾನ್ಯ ಗ್ರಾಹಕರೂ ಪಡೆಯಬಹುದು ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ. ಕಾಯ್ದೆಯ 40ನೇ ಕಲಂ ಪ್ರಕಾರ ಕೊಂಡವರೇ ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಒಂದೇ ಷರತ್ತು, ಕೊಳ್ಳುವಾಗಲೇ ಅಂಗಡಿಯವರಿಗೆ ‘ಇದನ್ನು ಪರೀಕ್ಷೆಗೆ ಕೊಡುತ್ತೇನೆ’ ಎಂದು ಹೇಳಿರಬೇಕು. ಮನೆಗೆ ತಂದು ನಾಲ್ಕು ದಿನದ ಮೇಲೆ ಅನುಮಾನ ಬಂದರೆ ಆ ಗೆಡ್ಡೆಗೆ ಈ ದಾರಿ ಮುಚ್ಚಿತು, ಮತ್ತೆ ಹೋಗಿ ಹೇಳಿಯೇ ಕೊಳ್ಳಬೇಕು. ಬಾಯಿಮಾತಿಗೆ ಸಾಕ್ಷಿ ಇರದು. ಆದ್ದರಿಂದ ಬಿಲ್ಲಿನ ಮೇಲೆ ‘ವಿಶ್ಲೇಷಣೆಗಾಗಿ ಖರೀದಿ’ ಎಂದು ಬರೆಸಿ, ದಿನಾಂಕ ಹಾಕಿಸಿ, ಅಂಗಡಿಯವರ ಸಹಿ ತೆಗೆದುಕೊಳ್ಳಿ. ಸಹಿ ಹಾಕಲು ಒಪ್ಪದಿದ್ದರೆ ಜೊತೆಗಿದ್ದವರ ಸಹಿ ಇರಲಿ. ಒಂದೊಂದು ಗೆಡ್ಡೆಯಲ್ಲಿ ಮದ್ದಿನ ಪ್ರಮಾಣ ಒಂದೊಂದು ಥರ ಇರುವುದರಿಂದ ಎರಡು ಗೆಡ್ಡೆ ಸಾಲದು. ಎಷ್ಟು ಬೇಕು, ಶುಲ್ಕ ಎಷ್ಟು ಎಂಬುದನ್ನು ಜಿಲ್ಲೆಯ ಆಹಾರ ಸುರಕ್ಷತಾ ಅಂಕಿತ ಅಧಿಕಾರಿಯ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ. ತೊಳೆಯಬೇಡಿ, ಸಿಪ್ಪೆ ಕೆರೆಯಬೇಡಿ.

ಕಾಯ್ದೆ ಉಲ್ಲಂಘನೆಯಾಗಿದೆ ಎಂದು ವರದಿ ಬಂದರೆ ಕಟ್ಟಿದ ಶುಲ್ಕ ವಾಪಸ್ ಸಿಗುತ್ತದೆ. ವಿಶ್ಲೇಷಕರು ವರದಿಯನ್ನು ಅಂಕಿತ ಅಧಿಕಾರಿಗೂ ಕಳಿಸಬೇಕು, ಮುಂದಿನ ಕ್ರಮ ಅವರ ಹೊಣೆ.

ಖರ್ಚಿಲ್ಲದ ದಾರಿಯೂ ಇದೆ. ಆಹಾರ ಸುರಕ್ಷತಾ ಅಧಿಕಾರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ, ಮಾದರಿ ತೆಗೆಯುವ ಅಧಿಕಾರ ಅವರಿಗಿದೆ. ದೂರು ದಾಸ್ತಾನುಗಾರ, ಮಾರಾಟಗಾರರ ಮೇಲಿರಲಿ. ಹಾಸನದ ರೈತ ಹೊಲದಲ್ಲಿ ಬೆಳೆದ ಗೆಡ್ಡೆಗೆ, ಅದು ಅವನ ಹೊಲದ ಮಟ್ಟದಲ್ಲಿರುವ ತನಕ, ಈ ಕಾಯ್ದೆ ಅನ್ವಯಿಸುವುದಿಲ್ಲ ಎಂದು 18ನೇ ಕಲಂ ಹೇಳುತ್ತದೆ. ಇದು ನ್ಯಾಯವೇ. ಹೊಗೆ ಹಾಯಿಸುವುದು ಗೋದಾಮಿನಲ್ಲಿ.

ಪರಿಹಾರ ಬೇಕಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಕೊಂಡ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ದೂರಿಗೆ ಉತ್ತರವೇ ಬಾರದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಕಟ್ಟಿ, ಕಳೆದ ವರ್ಷ ಜಿಲ್ಲೆಯಲ್ಲಿ ಆಲೂಗೆಡ್ಡೆಯ ಎಷ್ಟು ಮಾದರಿ ತೆಗೆದರು, ಕ್ಲೋರ್‌ಪ್ರೊಫಾಮ್‌ಗಾಗಿ ಎಷ್ಟನ್ನು ಪರೀಕ್ಷಿಸಿದರು ಎಂದು ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು.