ಮೂವತ್ತು ನಿಮಿಷಕ್ಕೆ ಮುಗಿಯುವ ವರ್ಷ

ನಮ್ಮ ಕಡೆ ಕಾಲೇಜು ಹುಡುಗಿಯರ ಕಬಡ್ಡಿ ಹಂಗಾಮಿಗೆ ತಯಾರಿ ಮಳೆ ಪೂರ್ತಿ ಬಿಡುವ ಮೊದಲೇ ಶುರುವಾಗುತ್ತದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಯಾವ ಆಟವನ್ನು ಯಾವ ಕಾಲೇಜು ನಡೆಸಬೇಕೆಂದು ತಿಳಿಸುತ್ತದೆ. ದಿನಾಂಕ ನೋಟಿಸ್ ಬೋರ್ಡಿಗೆ ಬರುತ್ತದೆ. ಹೊನ್ನಾವರದ ಮೈದಾನಗಳಲ್ಲಿ ಆಗಿನ್ನೂ ನೀರು ನಿಂತಿರುತ್ತದೆ. ಹುಡುಗಿಯರು ಬುಟ್ಟಿಯಲ್ಲಿ ಹೊಯ್ಗೆ ತಂದು ತಗ್ಗುಗಳಿಗೆ ಸುರಿದು, ಸುಣ್ಣದ ಗೆರೆ ಎಳೆದುಕೊಂಡು, ಬರಿಗಾಲಲ್ಲಿ ತಾಲೀಮಿಗೆ ಇಳಿಯುತ್ತಾರೆ.

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ನನ್ನ ತರಗತಿಯಲ್ಲಿ ಕೂತಿದ್ದ ಮೂವರು ಹುಡುಗಿಯರು ಮುಂದೆ ಒಂದೇ ಕಾಲೇಜಿನ ಕಬಡ್ಡಿ ತಂಡ ಸೇರಿದರು. ಪೇಟೆಯಲ್ಲಿ ಸಿಕ್ಕಾಗ ಅವರಲ್ಲೊಬ್ಬಳು, "ಅಕ್ಕೋರೇ, ನಮ್ಮ ಮ್ಯಾಚ್ ನೋಡೂಕೆ ನೀವಾದ್ರೂ ಬನ್ನಿ" ಎಂದಳು. ಆ 'ಆದ್ರೂ' ಎಂಬುದಕ್ಕೆ ನಾನು ಹೊರಟೆ. ತಾಲೀಮಿನಿಂದ ವಲಯ ಮಟ್ಟದ ಪಂದ್ಯದವರೆಗೆ ಇಡೀ ಹಂಗಾಮು ಅವರ ಹಿಂದೆ ತಿರುಗಿದೆ. ಈ ಬರಹ ಆ ತಿರುಗಾಟದಲ್ಲಿ ನಾನು ತಿಳಿದುಕೊಂಡದ್ದರ ಬಗ್ಗೆ.

ಹೊಸಬರ ಕಣ್ಣು ರೇಡರ್ ಹಿಂದೆಯೇ ಓಡುತ್ತದೆ. ಗೆರೆ ದಾಟಿ ಎದುರಾಳಿಯ ಅಂಗಳಕ್ಕೆ ನುಗ್ಗುವವಳು ಅವಳು, ಚಪ್ಪಾಳೆಯೂ ಅವಳಿಗೇ. ಆದರೆ ಪಂದ್ಯ ಗೆಲ್ಲಿಸುವುದು ಬಹಳ ಸಲ ಹಿಡಿಯುವವರು. ಮಹಿಳೆಯರ ಅಂಕಣ 12 ಮೀಟರ್ ಉದ್ದ, 8 ಮೀಟರ್ ಅಗಲ. ಅಂದರೆ ಒಂದು ತಂಡದ ಏಳು ಮಂದಿ ಕಾಯಬೇಕಾದ ಜಾಗ ಆರು ಮೀಟರ್ ಉದ್ದದ್ದು. ಅಷ್ಟರಲ್ಲಿ ಎರಡು ತುದಿಗೆ ಕಾರ್ನರ್, ಅವರ ಒಳಗಡೆ ಕವರ್. ನಡುವೆ ನಿಂತವರು ಪಕ್ಕದವರ ಕೈ ಹಿಡಿದು ಚೈನ್ ಕಟ್ಟುತ್ತಾರೆ. ಒಬ್ಬಳು ಅರ್ಧ ಹೆಜ್ಜೆ ಮುಂದೆ ಬಂದರೆ ಇಡೀ ಸರಪಳಿ ಹರಿಯುತ್ತದೆ.

ನಮ್ಮ ತಂಡದ ಎಡ ಕಾರ್ನರ್ ಹುಡುಗಿಯನ್ನು ನೋಡುತ್ತ ನೋಡುತ್ತ ಈ ಆಟ ನನಗೆ ತಿಳಿಯತೊಡಗಿತು. ಕಾಸರಕೋಡು ಕಡೆಯವಳು. ಅಪ್ಪ ಬೋಟಿಗೆ ಹೋಗುತ್ತಾರೆ, ಆಯಿ ಮೀನು ಮಾರುತ್ತಾರೆ. ಅಷ್ಟೇನೂ ಎತ್ತರವಿಲ್ಲ, ಓಟದಲ್ಲೂ ಮುಂದಿಲ್ಲ. ಅವಳ ಕಣ್ಣು ಮಾತ್ರ ರೇಡರ್‌ನ ಮುಖದ ಮೇಲೆ ಇರುವುದಿಲ್ಲ, ಪಾದದ ಮೇಲೆ ಇರುತ್ತದೆ. ಎದುರಿಗೆ ಆರು ಅಥವಾ ಏಳು ಮಂದಿ ಇದ್ದಾಗ ರೇಡರ್‌ಗೆ ಬೋನಸ್ ಗೆರೆಯ ಆಸೆ ಇರುತ್ತದೆ. ಒಂದು ಕಾಲು ಆ ಗೆರೆಯಾಚೆ ಊರಬೇಕು, ಅದೇ ಹೊತ್ತಿಗೆ ಹಿಂದಿನ ಕಾಲು ಗಾಳಿಯಲ್ಲಿರಬೇಕು ಎಂಬುದು ನಿಯಮ. ಆ ಒಂದು ಕ್ಷಣ ರೇಡರ್ ನಿಂತಿರುವುದು ಒಂಟಿ ಕಾಲಿನ ಮೇಲೆ. ಈ ಹುಡುಗಿ ಕಾಯುವುದು ಆ ಕ್ಷಣಕ್ಕೇ. ಒಂದು ಕೈ ಹಿಮ್ಮಡಿಯ ಹಿಂದೆ, ಇನ್ನೊಂದು ಪಾದದ ಮೇಲುಭಾಗಕ್ಕೆ, ಭುಜ ಕಣಕಾಲಿಗೆ ಒತ್ತಿ ನೆಲಕ್ಕೆ ಬೀಳುತ್ತಾಳೆ. ಬಿದ್ದ ಮೇಲೆ ಬಿಡುವುದಿಲ್ಲ. ಕವರ್‌ನಲ್ಲಿದ್ದವಳು ಬಂದು ಸೊಂಟಕ್ಕೆ ಕೈ ಹಾಕುವವರೆಗೆ ಆ ಹಿಡಿತದ್ದೇ ಕೆಲಸ. ಒಬ್ಬಳು ಹಿಡಿದು ಇನ್ನೊಬ್ಬಳು ತಡವಾಗಿ ಬಂದರೆ ರೇಡರ್ ಅವಳನ್ನೂ ಎಳೆದುಕೊಂಡೇ ನಡುಗೆರೆ ಮುಟ್ಟುತ್ತಾಳೆ, ಪಾಯಿಂಟ್ ಆಚೆಯವರದು. ಹಾಗಾಗಿ ಹಿಡಿತ ಎಂಬುದು ಒಬ್ಬಳ ಧೈರ್ಯ ಮತ್ತು ಉಳಿದವರ ನಂಬಿಕೆ ಎರಡೂ ಸೇರಿದ್ದು. ಅವಳ ಮೊಣಕೈಯಲ್ಲಿ ಗಾಯ ಒಣಗಿದ್ದನ್ನು ಆ ಹಂಗಾಮಿನಲ್ಲಿ ನಾನು ನೋಡಲೇ ಇಲ್ಲ. ಚಿರೆಕಲ್ಲಿನ ನೆಲ, ಮೇಲೆ ತೆಳ್ಳಗೆ ಹೊಯ್ಗೆ, ಇನ್ನೇನಾಗುತ್ತದೆ?

ಪಂದ್ಯಾವಳಿಯ ದಿನ ಎಂದರೆ ಮುಕ್ಕಾಲು ಪಾಲು ಕಾಯುವ ದಿನ. ಬೆಳಿಗ್ಗೆ ಬಂದು ಹೆಸರು ನೋಂದಾಯಿಸಬೇಕು, ಎಲಿಜಿಬಿಲಿಟಿ ಫಾರ್ಮ್ ತೋರಿಸಬೇಕು, ತೂಕ ಕೊಡಬೇಕು, ಚೀಟಿ ಎತ್ತಿ ಡ್ರಾ ಆಗಬೇಕು, ಉದ್ಘಾಟನೆಯ ಭಾಷಣ ಮುಗಿಯಬೇಕು. ಬೆಳಿಗ್ಗೆ ತಿಂದ ಅವಲಕ್ಕಿ ಯಾವಾಗಲೋ ಕರಗಿರುತ್ತದೆ. ಪಂದ್ಯ ಯಾವಾಗ ಎಂದು ಗೊತ್ತಿಲ್ಲದ್ದರಿಂದ ಊಟ ಮಾಡುವಂತೆಯೂ ಇಲ್ಲ, ಬಿಡುವಂತೆಯೂ ಇಲ್ಲ. ನಾನು ಬಾಳೆಹಣ್ಣು, ಬೆಲ್ಲ ಹಾಕಿದ ನಿಂಬೆ ಪಾನಕ ಕಟ್ಟಿಕೊಂಡು ಹೋಗುವ ರೂಢಿ ಮಾಡಿಕೊಂಡೆ. ಪಂದ್ಯಕ್ಕೆ ಸ್ವಲ್ಪ ಮೊದಲು ತಿನ್ನಲು ಅದಕ್ಕಿಂತ ಒಳ್ಳೆಯದು ಇಲ್ಲ. ಬಟ್ಟೆ ಬದಲಾಯಿಸಲು ಬೀಗ ಬೀಳುವ ಒಂದು ಕೋಣೆ, ನೀರು ಬರುವ ಶೌಚಾಲಯ, ಅಲ್ಲೊಂದು ಕಸದ ಡಬ್ಬಿ ಇರಲೇಬೇಕು. ಯಾವುದೇ ಊರಿಗೆ ಹೋದರೂ ನಾನು ಮೊದಲು ವಿಚಾರಿಸುವುದು ಇವನ್ನೇ. ಮುಟ್ಟಾದ ಹುಡುಗಿಗೆ ಇವಿಲ್ಲದಿದ್ದರೆ ಅವಳ ಆಟ ಅಂಕಣಕ್ಕೆ ಇಳಿಯುವ ಮೊದಲೇ ಅರ್ಧ ಹೋದ ಹಾಗೆ.

ಇಷ್ಟೆಲ್ಲ ಆದ ಮೇಲೆ ಪಂದ್ಯ. ನಾನು ಕಂಡ ಪಂದ್ಯಗಳಲ್ಲಿ ಹದಿನೈದು ನಿಮಿಷದ ಎರಡು ಅವಧಿ, ನಡುವೆ ಐದು ನಿಮಿಷ ಬಿಡುವು. ನಮ್ಮ ಹುಡುಗಿಯರು ಮೊದಲರ್ಧದಲ್ಲೇ ಒಮ್ಮೆ ಆಲ್ ಔಟ್ ಆಗಿ ಹಿಂದೆ ಬಿದ್ದರು. ಎರಡನೆಯ ಅರ್ಧದಲ್ಲಿ ಮೂವರೇ ಉಳಿದಿದ್ದಾಗ ಎದುರಿನ ಒಳ್ಳೆಯ ರೇಡರ್‌ನ ಕಾಲಿಗೆ ನಮ್ಮ ಎಡ ಕಾರ್ನರ್ ಬಿದ್ದಳು, ಉಳಿದಿಬ್ಬರು ಮುಗಿಬಿದ್ದರು. ಸೂಪರ್ ಟ್ಯಾಕಲ್, ಎರಡು ಪಾಯಿಂಟ್. ದಡದಲ್ಲಿದ್ದ ನಾವೆಲ್ಲ ಎದ್ದು ನಿಂತು ಕೂಗಿದೆವು. ಅಲ್ಲಿಂದ ಸಮ ಸಮ ಬಂದು, ಕೊನೆಯಲ್ಲಿ ಎರಡು ಪಾಯಿಂಟಿಗೆ ಸೋತೆವು. ಸೀಟಿ ಊದಿತು, ಕೈ ಕುಲುಕಿದರು, ಚೀಲ ಹೆಗಲಿಗೆ ಹಾಕಿಕೊಂಡರು. ಆ ವರ್ಷದ ಕಾಲೇಜು ಕಬಡ್ಡಿ ಅವರಿಗೆ ಅಲ್ಲಿಗೆ ಮುಗಿಯಿತು.

ಇದು ಸೋಲಿನ ದುಃಖದ ಮಾತಲ್ಲ, ಲೆಕ್ಕದ ಮಾತು. ನಾಕೌಟ್‌ನಲ್ಲಿ ಎಂಟು ತಂಡ ಬಂದರೆ ನಾಲ್ಕು ತಂಡ ಒಂದೇ ಪಂದ್ಯ ಆಡಿ ಮನೆಗೆ ಹೋಗುತ್ತವೆ. ತಿಂಗಳುಗಟ್ಟಲೆ ತಾಲೀಮಿಗೆ ಸಿಗುವ ಪ್ರತಿಫಲ ಮೂವತ್ತು ನಿಮಿಷ. ಹನ್ನೆರಡು ಮಂದಿಯ ತಂಡದಲ್ಲಿ ಬದಲಿ ಆಟಗಾರ್ತಿಯರಾಗಿ ಕೂತ ಐವರಿಗೆ ಅದೂ ಇಲ್ಲ. ಪದವಿ ಮೂರು ವರ್ಷದ್ದು. ಮೂರು ವರ್ಷದಲ್ಲಿ ಇಂಥ ಮೂರೋ ನಾಲ್ಕೋ ಪಂದ್ಯ ಆಡಿ ಹೊರಬಿದ್ದವಳಿಗೆ ತನ್ನ ಆಟ ಎಷ್ಟಿತ್ತು ಎಂಬುದೇ ಗೊತ್ತಾಗುವುದಿಲ್ಲ.

2024ರ ಚಳಿಗಾಲದಲ್ಲಿ ಅಮೆರಿಕದ ತಂಗಿಯ ಮನೆಯಲ್ಲಿ ಇದ್ದೆ. ಅಲ್ಲಿ ಟಿವಿ ಹಚ್ಚಿದರೆ ಕಾಲೇಜು ಹುಡುಗಿಯರ ಬ್ಯಾಸ್ಕೆಟ್‌ಬಾಲ್. ಭಟ್ಕಳ, ಹೊನ್ನಾವರ, ಕುಮಟಾ ಈ ನಮ್ಮ ಮೂರು ತಾಲೂಕಿನ ಹುಡುಗಿಯರು ಆಡುವುದು ಕಬಡ್ಡಿ, ಖೋಖೋ, ವಾಲಿಬಾಲ್, ಥ್ರೋಬಾಲ್. ಹಾಗಾಗಿ ಬ್ಯಾಸ್ಕೆಟ್‌ಬಾಲಿನ ಒಳಗುಟ್ಟು ನನಗೆ ಅಷ್ಟು ಹತ್ತಲಿಲ್ಲ. ಆದರೆ ಅದರ ವ್ಯವಸ್ಥೆ ಮನಸ್ಸಿನಲ್ಲಿ ನಿಂತಿತು. ಅಲ್ಲಿ ಕಾಲೇಜುಗಳು ಕಾನ್ಫರೆನ್ಸ್ ಎಂಬ ಗುಂಪುಗಳಾಗಿ ಸೇರಿಕೊಂಡಿವೆ. ಗುಂಪಿನೊಳಗೇ ಲೀಗ್. ಬಿಗ್ ಟೆನ್ ಎಂಬ ಗುಂಪಿನ ಒಂದೊಂದು ತಂಡ ಆ ಹಂಗಾಮಿನಲ್ಲಿ 18 ಲೀಗ್ ಪಂದ್ಯ ಆಡಿತು, ಸೌತ್ ಈಸ್ಟರ್ನ್ ಗುಂಪಿನದು 16. ನಾಕೌಟ್ ಬರುವುದು ಅದಾದ ಮೇಲೆ. ಕೆಲವು ತಂಡಗಳು ಎರಡೆರಡು ಸಲ ಎದುರಾಗುತ್ತವೆ, ಒಮ್ಮೆ ಇವರ ಊರಲ್ಲಿ, ಒಮ್ಮೆ ಅವರ ಊರಲ್ಲಿ. ಜನವರಿಯಲ್ಲಿ ಎಡವಿದವಳು ಫೆಬ್ರವರಿಯಲ್ಲಿ ಅದೇ ಎದುರಾಳಿಯ ಮುಂದೆ ತಿದ್ದಿಕೊಂಡು ನಿಲ್ಲುತ್ತಾಳೆ. ನೋಡುವವರಿಗೂ ಆಟಗಾರ್ತಿಯರ ಹೆಸರು, ನಡೆ, ಹಟ ಎಲ್ಲ ಪರಿಚಯವಾಗುತ್ತದೆ. ಆ ವರ್ಷ ಏಪ್ರಿಲ್‌ನಲ್ಲಿ ಸೌತ್ ಕ್ಯಾರೊಲಿನಾ ಒಂದೂ ಪಂದ್ಯ ಸೋಲದೆ, ಅಯೋವಾ ತಂಡವನ್ನು 87-75ರಿಂದ ಸೋಲಿಸಿ ರಾಷ್ಟ್ರ ಪ್ರಶಸ್ತಿ ಗೆದ್ದಿತು. ಆ ಫೈನಲನ್ನು ಅಮೆರಿಕದಲ್ಲಿ ಸರಾಸರಿ 1 ಕೋಟಿ 85 ಲಕ್ಷಕ್ಕೂ ಹೆಚ್ಚು ಜನ ಟಿವಿಯಲ್ಲಿ ನೋಡಿದರು. ಗಂಡಸರ ಫೈನಲ್ ನೋಡಿದವರು ಸುಮಾರು 1 ಕೋಟಿ 48 ಲಕ್ಷ. ಇದು ರಾತ್ರಿ ಬೆಳಗಾಗುವುದರೊಳಗೆ ಆದದ್ದಲ್ಲ. ಸರಕಾರದ ಹಣ ಪಡೆಯುವ ಶಿಕ್ಷಣ ಸಂಸ್ಥೆಗಳು ಗಂಡು ಹೆಣ್ಣೆಂದು ಭೇದ ಮಾಡಕೂಡದು ಎಂಬ ಕಾನೂನು ಅಲ್ಲಿ ಬಂದದ್ದು 1972ರಲ್ಲಿ. ಅರ್ಧ ಶತಮಾನದ ಪಂದ್ಯಗಳು ಆ ಪ್ರೇಕ್ಷಕರನ್ನು ಬೆಳೆಸಿದವು.

ನಮ್ಮಲ್ಲಿ ಪ್ರೇಕ್ಷಕರ ಮಾತು ಬೇರೆಯೇ. ಕರಾವಳಿಯಲ್ಲಿ ಹೊನಲು ಬೆಳಕಿನ ಕಬಡ್ಡಿಗೆ ಸಾವಿರಾರು ಜನ ಸೇರುತ್ತಾರೆ, ಆಡುವವರು ಹೆಚ್ಚಾಗಿ ಗಂಡಸರು. ಹುಡುಗಿಯರ ಪಂದ್ಯಕ್ಕೆ ಬರುವವರಲ್ಲಿ ಕೆಲವರು ಆಟ ನೋಡಲು ಬಂದವರಲ್ಲ ಎಂಬುದು ಅವರ ಮಾತಿನಿಂದಲೇ ಗೊತ್ತಾಗುತ್ತಿತ್ತು. ನಾನೊಬ್ಬಳೇ ಗದರಿದರೆ ಉಪಯೋಗವಿರಲಿಲ್ಲ. ಹುಡುಗಿಯರ ತಾಯಂದಿರನ್ನು ಕರೆಯುವುದು ಎಂದು ಗಟ್ಟಿ ಮಾಡಿದೆ. ಮನೆಗೆ ಹೋಗಿ, "ನೀವು ಬರ್ಬೇಕ್ರಾ, ನಿಮ್ಮ ಮಗಳು ಎಂತ ಮಾಡ್ತಾಳೆ ನೋಡಿ" ಎಂದೆ. ಎಲ್ಲರೂ ಬರಲಿಲ್ಲ. ಕೆಲಸ ಬಿಟ್ಟು ಬಂದರೆ ಆ ದಿನದ ದುಡಿಮೆ ಹೋಯಿತು. ಬಂದವರು ನಾಲ್ಕೈದು ಮಂದಿ ಗೆರೆಯ ಪಕ್ಕ ಸಾಲಾಗಿ ಕೂತರು. ಅಷ್ಟು ಸಾಕಾಯಿತು, ಹಿಂದಿನ ಗೌಜು ನಿಂತಿತು. ಇನ್ನೊಂದು ಲಾಭ ನಾನು ಎಣಿಸದೇ ಇದ್ದದ್ದು. ಚಡ್ಡಿ ಹಾಕಿ ಆಡುವುದು ಸರಿಯೇ, ಕತ್ತಲಾಗುವವರೆಗೆ ತಾಲೀಮು ಯಾಕೆ ಎಂಬ ಮನೆಯ ತಕರಾರು ಪಂದ್ಯ ಕಣ್ಣಾರೆ ಕಂಡ ತಾಯಂದಿರ ಮನೆಗಳಲ್ಲಿ ತಣ್ಣಗಾಯಿತು. ಮಗಳು ಬಿದ್ದು ಎದ್ದು ಮತ್ತೆ ಗೆರೆಯ ಮೇಲೆ ನಿಂತದ್ದನ್ನು ನೋಡಿದವಳಿಗೆ ಬಟ್ಟೆಯ ಉದ್ದ ಮುಖ್ಯವೆನಿಸುವುದಿಲ್ಲ.

ಮೊಣಕಾಲಿನ ವಿಷಯವನ್ನೂ ಹೇಳಲೇಬೇಕು. ಓಡುತ್ತ ಓಡುತ್ತ ಸರಕ್ಕನೆ ತಿರುಗುವ ಆಟಗಳಲ್ಲಿ ಮೊಣಕಾಲಿನ ಲಿಗಮೆಂಟ್ ಹರಿಯುವುದು ಹುಡುಗರಿಗಿಂತ ಹುಡುಗಿಯರಲ್ಲಿ ಹೆಚ್ಚು. ಇದು ವೈದ್ಯರು ಒಪ್ಪಿದ ಸಂಗತಿ. ತಂಡದ ಒಬ್ಬ ರೇಡರ್‌ಗೆ ತಾಲೀಮಿನಲ್ಲೇ ಹಾಗಾಯಿತು. ದೊಡ್ಡ ತಪಾಸಣೆ ಎಂದರೆ ನಮಗೆ ಮಣಿಪಾಲ ಇಲ್ಲವೇ ಮಂಗಳೂರು. ಉತ್ತರ ಕನ್ನಡಕ್ಕೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಜಿಲ್ಲೆಯ ಜನ 2022ರಲ್ಲಿ ದನಿ ಎತ್ತಿದ್ದು ಯಾಕೆಂದು ಮನೆಯಲ್ಲಿ ರೋಗಿ ಇದ್ದವರಿಗೇ ಗೊತ್ತು. ತೊಡೆಯ ಹಿಂಭಾಗದ ಸ್ನಾಯು ಬಲಪಡಿಸುವ, ನೆಗೆದು ಮೊಣಕಾಲು ಒಳಕ್ಕೆ ವಾಲದಂತೆ ಇಳಿಯುವ ವ್ಯಾಯಾಮವನ್ನು ದಿನಾ ಕಾಲು ಗಂಟೆ ಮಾಡಿದರೆ ಈ ಗಾಯ ಸಾಕಷ್ಟು ಕಡಿಮೆಯಾಗುತ್ತದೆ. ಅದಕ್ಕೆ ಯಂತ್ರ ಬೇಡ, ದುಡ್ಡು ಬೇಡ.

ನಮ್ಮ ಹುಡುಗಿಯರಿಗೆ ಮಮತಾ ಪೂಜಾರಿಯ ಹೆಸರು ಗೊತ್ತು. ಕಾರ್ಕಳ ತಾಲೂಕಿನ ಹೆರ್ಮುಂಡೆಯಿಂದ ಬಂದು, 2010ರ ಗ್ವಾಂಗ್‌ಝೌ ಮತ್ತು 2014ರ ಇಂಚಿಯಾನ್ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡಗಳಲ್ಲಿದ್ದವರು, 2012ರ ವಿಶ್ವಕಪ್ ಗೆದ್ದ ನಾಯಕಿ, ಅರ್ಜುನ ಪ್ರಶಸ್ತಿ ಪಡೆದವರು. 2023ರ ಅಕ್ಟೋಬರ್‌ನಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಭಾರತದ ಹುಡುಗಿಯರು ಚೈನೀಸ್ ತೈಪೆಯನ್ನು 26-25ರಿಂದ ಸೋಲಿಸಿದಾಗ ಅದು ಆ ಕೂಟದಲ್ಲಿ ದೇಶದ ನೂರನೆಯ ಪದಕವಾಯಿತು. ಒಂದೇ ಪಾಯಿಂಟಿನ ಗೆಲುವು. ಅಂಥ ಪಂದ್ಯದ ಕೊನೆಯ ನಿಮಿಷದಲ್ಲಿ ಕೈ ನಡುಗದೆ ನಿಲ್ಲಲು ಕಲಿಯುವುದು ಬಿಗಿಯಾದ ಪಂದ್ಯಗಳನ್ನು ಮತ್ತೆ ಮತ್ತೆ ಆಡಿಯೇ. ವಲಯ ಗೆದ್ದು, ಅಂತರ್ ವಲಯ ದಾಟಿ, ಯೂನಿವರ್ಸಿಟಿ ಬ್ಲೂ, ಅಂದರೆ ವಿಶ್ವವಿದ್ಯಾಲಯದ ತಂಡದ ಆಟಗಾರ್ತಿ ಆಗಬೇಕೆಂಬುದು ನಮ್ಮ ಹುಡುಗಿಯರ ಕನಸು. ಬ್ಲೂ ಆದರೆ ಕ್ರೀಡಾ ಕೋಟಾದ ಕೆಲಸಕ್ಕೂ ದಾರಿ ಕಾಣುತ್ತದೆ. ಮಣ್ಣಿನ ಮೇಲೆ ಬರಿಗಾಲಲ್ಲಿ ತಾಲೀಮು ಮಾಡಿದವರು ಮೇಲಿನ ಹಂತದಲ್ಲಿ ಒಮ್ಮೆಲೇ ಮ್ಯಾಟ್ ಮೇಲೆ ಶೂ ಹಾಕಿ ನಿಂತಾಗ ಹೆಜ್ಜೆಯ ಅಳತೆಯೇ ತಪ್ಪುತ್ತದೆ. ತಾಲೂಕಿಗೊಂದು ಮ್ಯಾಟ್ ಇದ್ದರೂ ಸಾಕು, ಸರದಿಯಲ್ಲಿ ಬಳಸಬಹುದು.

ಆದರೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ಪಂದ್ಯಗಳು. ಭಟ್ಕಳ, ಹೊನ್ನಾವರ, ಕುಮಟಾ ಮೂರೂ ಒಂದೇ ಹೆದ್ದಾರಿಯ ಮೇಲಿವೆ. ಹೊನ್ನಾವರದಿಂದ ಕುಮಟಾಕ್ಕೆ ಇಪ್ಪತ್ತು ಕಿಲೋಮೀಟರ್ ಆಸುಪಾಸು, ಭಟ್ಕಳಕ್ಕೆ ನಲವತ್ತರ ಒಳಗೆ. ಹೊನ್ನಾವರದ ಎಸ್.ಡಿ.ಎಂ., ಕುಮಟಾದ ಬಾಳಿಗಾ, ಭಟ್ಕಳದ ಅಂಜುಮನ್ ಮತ್ತು ಗುರು ಸುಧೀಂದ್ರ, ಇವುಗಳ ಜೊತೆಗೆ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಇವುಗಳಲ್ಲಿ ಆರು ತಂಡ ಕೂಡಿ ಎಲ್ಲರೂ ಎಲ್ಲರ ಮೇಲೆ ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ ಆಡಿದರೆ ಒಂದೊಂದು ತಂಡಕ್ಕೆ ಹತ್ತು ಪಂದ್ಯ, ಒಟ್ಟು ಮೂವತ್ತು. ಪ್ರತಿ ತಂಡಕ್ಕೂ ವಾರಕ್ಕೊಂದು ಪಂದ್ಯದಂತೆ ಶನಿವಾರ ಮಧ್ಯಾಹ್ನ ಇಟ್ಟುಕೊಂಡರೆ ಎರಡೂವರೆ ತಿಂಗಳಲ್ಲಿ ಮುಗಿಯುತ್ತದೆ. ಪ್ರಯಾಣದ ಖರ್ಚಿನ ಮಾತು ಎತ್ತುವವರಿಗೆ ನನ್ನ ಉತ್ತರ ಇಷ್ಟೇ: 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರಕಾರಿ ಬಸ್ಸು ಉಚಿತ. ಇಡೀ ತಂಡ ಆಧಾರ್ ಕಾರ್ಡ್ ಹಿಡಿದು ಸಾರಿಗೆ ಬಸ್ಸು ಹತ್ತಿದರೆ ಆಯಿತು. ಉಳಿದದ್ದು ಸುಣ್ಣ, ಸೀಟಿ, ಒಬ್ಬ ಅಂಪೈರ್, ಬಾಳೆಹಣ್ಣು. ನಿಯಮ ಬಲ್ಲ ಹಳೆಯ ಆಟಗಾರ್ತಿಯರು ಪ್ರತಿ ಊರಲ್ಲೂ ಇದ್ದಾರೆ, ಸೀಟಿ ಅವರ ಕೈಗೆ ಕೊಡಿ.

ಪ್ರಾಂಶುಪಾಲರೇ, ದೈಹಿಕ ಶಿಕ್ಷಣ ನಿರ್ದೇಶಕರೇ, ಬರುವ ಹಂಗಾಮಿಗೆ ಮುಂಚೆ ಒಂದು ದಿನ ಕೂತು ಈ ಲೀಗಿನ ವೇಳಾಪಟ್ಟಿ ಬರೆಯಿರಿ. ಸ್ಕೋರ್ ಪುಸ್ತಕ ಬರೆಯುವ ಕೆಲಸಕ್ಕೆ ಜನ ಸಿಗದಿದ್ದರೆ ನನ್ನನ್ನು ಕರೆಯಿರಿ, ಪ್ರತಿ ಶನಿವಾರ ಬರುತ್ತೇನೆ.