ಕಳವಾದ ಪರ್ಸನ್ನು ‘ಕಳೆದುಹೋಯಿತು’ ಎಂದು ಬರೆಸಬೇಡಿ

ಸಂಬಳದ ವಾರದಲ್ಲಿ ಸಂಜೆಯಾದರೆ ಬೆಂಗಳೂರಿನ ಹೆಸರಘಟ್ಟ ಮುಖ್ಯರಸ್ತೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಪೀಣ್ಯದ ಕಾರ್ಖಾನೆಗಳಲ್ಲಿ ಪಾಳಿ ಮುಗಿಸಿದವರು, ಗಾರ್ಮೆಂಟ್ಸ್‌ನಿಂದ ಮನೆಗೆ ಮರಳುವ ಹೆಣ್ಣುಮಕ್ಕಳು, ಮೆಟ್ರೊ ಇಳಿದು ಬಾಗಲಗುಂಟೆ, ಮಂಜುನಾಥನಗರದ ಕಡೆ ನಡೆಯುವವರು ಎಲ್ಲರೂ ದಿನಸಿ, ತರಕಾರಿ, ಮಕ್ಕಳ ಬಟ್ಟೆ ಕೊಳ್ಳುವುದು ಅದೇ ಒಂದೆರಡು ಗಂಟೆಯಲ್ಲಿ. ಜೇಬುಗಳ್ಳನಿಗೆ ಬೇಕಾದದ್ದೂ ಇಂಥ ನೂಕುನುಗ್ಗಲೇ. ದುಡ್ಡು ಕೊಡಲು ಜೇಬಿಗೆ ಕೈಹಾಕಿದವರಿಗೆ ಪರ್ಸ್ ಸಿಗದಿದ್ದಾಗ ಅಕ್ಕಪಕ್ಕದವರು ಕೊಡುವ ಸಲಹೆ ಹೆಚ್ಚುಕಡಿಮೆ ಒಂದೇ: ಹೋದದ್ದು ಹೋಯಿತು, ಸ್ಟೇಷನ್ ಅಲೆಯಬೇಡ, ಮೊಬೈಲ್‌ನಲ್ಲೇ ಇ-ಲಾಸ್ಟ್ ರಿಪೋರ್ಟ್ ಹಾಕು, ಡೂಪ್ಲಿಕೇಟ್ ಕಾರ್ಡ್ ಮಾಡಿಸಿಕೊ. ಒಳ್ಳೆಯ ಮನಸ್ಸಿನಿಂದಲೇ ಕೊಡುವ ಸಲಹೆ ಇದು. ಆದರೆ ಇದನ್ನು ಪಾಲಿಸಿದವರು ಕಾನೂನು ತಮಗೆ ಕೊಟ್ಟಿರುವ ಹಕ್ಕುಗಳಲ್ಲಿ ಬಹುಪಾಲನ್ನು ತಾವೇ ಕೈಬಿಟ್ಟಂತಾಗುತ್ತದೆ. ಕಳವಾದದ್ದನ್ನು ಕಳವು ಎಂದೇ ದಾಖಲಿಸಬೇಕು ಎಂಬುದು ನನ್ನ ವಾದ. ಮೊತ್ತ ಎಷ್ಟೇ ಚಿಕ್ಕದಿರಲಿ, ಕಳ್ಳ ಸಿಗುವ ನಂಬಿಕೆ ಎಷ್ಟೇ ಕಡಿಮೆಯಿರಲಿ, ಈ ಮಾತು ಬದಲಾಗುವುದಿಲ್ಲ.

ಠಾಣೆಗೆ ಹೋಗುವುದಕ್ಕೂ ಮೊದಲು, ನಿಂತಲ್ಲೇ ಮಾಡಬೇಕಾದ ಕೆಲಸವೊಂದಿದೆ. ಈಗಿನ ಡೆಬಿಟ್, ಕ್ರೆಡಿಟ್ ಕಾರ್ಡುಗಳಲ್ಲಿ ಬಹಳಷ್ಟನ್ನು ಅಂಗಡಿಯ ಯಂತ್ರಕ್ಕೆ ತಾಗಿಸಿದರೆ ಸಾಕು, 5,000 ರೂಪಾಯಿವರೆಗೆ ಪಿನ್ ಕೇಳದೆ ಹಣ ಹೋಗುತ್ತದೆ. ಈ ಮಿತಿ 2021ರ ಜನವರಿ 1ರಿಂದ ಜಾರಿಯಲ್ಲಿದೆ. ಕಾರ್ಡ್ ಕದ್ದವನು ಪಿನ್ ತಿಳಿದುಕೊಳ್ಳಬೇಕಾಗಿಯೇ ಇಲ್ಲ. ಆದ್ದರಿಂದ ಬ್ಯಾಂಕಿನ ಆ್ಯಪ್‌ನಲ್ಲೋ ಸಹಾಯವಾಣಿಯಲ್ಲೋ ಕಾರ್ಡನ್ನು ಆ ಕ್ಷಣವೇ ಬ್ಲಾಕ್ ಮಾಡಿಸಬೇಕು. ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆ ಈ ವಿಷಯದಲ್ಲಿ ಗ್ರಾಹಕನ ಪರವಾಗಿಯೇ ಇದೆ. ಕಾರ್ಡ್ ಕಳವಾದದ್ದನ್ನು ದಿನದ 24 ಗಂಟೆಯೂ ತಿಳಿಸಲು ಬ್ಯಾಂಕು ದಾರಿ ಮಾಡಿಕೊಡಬೇಕು, ತಿಳಿಸಿದ ಕೂಡಲೇ ದೂರಿನ ಸಂಖ್ಯೆ ಕೊಡಬೇಕು. ಹಾಗೆ ತಿಳಿಸಿದ ನಂತರ ಆಗುವ ನಷ್ಟವೆಲ್ಲ ಬ್ಯಾಂಕಿನದೇ. ಅದಕ್ಕೂ ಮೊದಲಿನ ನಷ್ಟ ಯಾರದು ಎಂಬ ತಕರಾರು ಎದ್ದರೆ, ತಪ್ಪು ಗ್ರಾಹಕನದು ಎಂದು ಸಾಬೀತು ಮಾಡುವ ಹೊಣೆ ಬ್ಯಾಂಕಿನ ಮೇಲಿರುತ್ತದೆ. ಪಿನ್ ಬರೆದ ಚೀಟಿಯನ್ನು ಅದೇ ಪರ್ಸಿನಲ್ಲಿ ಇಟ್ಟಿದ್ದರೆ ಮಾತ್ರ ಈ ರಕ್ಷಣೆ ನಿಮ್ಮ ಕೈತಪ್ಪಬಹುದು. ಹಣ ಆಗಲೇ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆಮಾಡಿ. ಇಲ್ಲಿ ಲೆಕ್ಕಕ್ಕೆ ಬರುವುದು ನೀವು ತಿಳಿಸಿದ ಸಮಯ. ಬ್ಯಾಂಕಿನ ದೂರು ಸಂಖ್ಯೆಯನ್ನೂ ಕರೆಮಾಡಿದ ಹೊತ್ತನ್ನೂ ಬರೆದಿಟ್ಟುಕೊಂಡವರ ಮಾತು ಮುಂದೆ ನಿಲ್ಲುತ್ತದೆ.

ಇನ್ನು ಇ-ಲಾಸ್ಟ್ ವಿಷಯ. ಕರ್ನಾಟಕ ಪೊಲೀಸರ ಈ ಆನ್‌ಲೈನ್ ಸೇವೆ ನಿಜಕ್ಕೂ ಉಪಯುಕ್ತ. ಆಟೊದಲ್ಲಿ ಮರೆತ ಮಾರ್ಕ್ಸ್ ಕಾರ್ಡ್, ಎಲ್ಲೋ ಬಿದ್ದುಹೋದ ಡ್ರೈವಿಂಗ್ ಲೈಸೆನ್ಸ್ ಇಂಥವಕ್ಕೆ ಸ್ವೀಕೃತಿ ಪತ್ರ ಪಡೆದು ನಕಲು ಮಾಡಿಸಿಕೊಳ್ಳಲು ಅದು ಸಾಕು. ಆದರೆ ಅದು ಇರುವುದೇ ಕಳೆದುಹೋದ ವಸ್ತುಗಳಿಗೆ. ಅದರ ಮೇಲೆ ಯಾರೂ ತನಿಖೆ ನಡೆಸುವುದಿಲ್ಲ. ಕಾನೂನಿನ ಕಣ್ಣಲ್ಲಿ ಕಳೆದುಹೋಗುವುದೂ ಕಳವಾಗುವುದೂ ಬೇರೆ ಬೇರೆ. ಬಿದ್ದ ಪರ್ಸ್ ಸಿಕ್ಕವನು ಅಪ್ರಾಮಾಣಿಕವಾಗಿ ಇಟ್ಟುಕೊಂಡರೆ ಅದು ಭಾರತೀಯ ನ್ಯಾಯ ಸಂಹಿತೆಯ ಕಲಂ 314ರ ದುರುಪಯೋಗ. ನಿಮ್ಮ ಜೇಬಿನಿಂದ ನಿಮ್ಮ ಒಪ್ಪಿಗೆಯಿಲ್ಲದೆ ತೆಗೆದುಕೊಂಡರೆ ಅದು ಕಲಂ 303ರ ಕಳವು. ಮೊದಲ ದಿನ ‘ಕಳೆದುಹೋಯಿತು’ ಎಂದು ಸ್ವತಃ ಬರೆದುಕೊಟ್ಟವರು ತಿಂಗಳ ನಂತರ ‘ಕದ್ದರು’ ಎಂದರೆ, ಆರೋಪಿಯ ವಕೀಲರು ಮೊದಲು ಎತ್ತಿಹಿಡಿಯುವುದು ಆ ಸ್ವೀಕೃತಿಯನ್ನೇ. ಡೂಪ್ಲಿಕೇಟ್ ದಾಖಲೆಗೆ ಇ-ಲಾಸ್ಟೇ ಆಗಬೇಕೆಂದಿಲ್ಲ, ಎಫ್‌ಐಆರ್ ಪ್ರತಿಯನ್ನೂ ಕೊಡಬಹುದು. ಪರ್ಸ್ ಎಲ್ಲಿ, ಹೇಗೆ ಹೋಯಿತೆಂದು ನಿಜವಾಗಿಯೂ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ ಹೇಳಬೇಕು. ಆದರೆ ಬ್ಯಾಗಿನ ಬದಿ ಬ್ಲೇಡಿನಿಂದ ಸೀಳಿದ್ದರೆ, ಯಾರೋ ಬೇಕೆಂದೇ ಮೈಮೇಲೆ ಬಿದ್ದು ಸರಿದುಹೋಗಿದ್ದರೆ, ಅದನ್ನು ಕಳೆದುಹೋದದ್ದು ಎನ್ನಲು ಕಾರಣವೇ ಇಲ್ಲ.

ಇದಕ್ಕೆ ಬರುವ ಅತಿ ಬಲವಾದ ಆಕ್ಷೇಪ ಕಾನೂನಿನ ಒಳಗಿನಿಂದಲೇ ಬರುತ್ತದೆ. 2024ರ ಜುಲೈ 1ರಿಂದ ಜಾರಿಯಾದ ಹೊಸ ಸಂಹಿತೆಗಳ ಪ್ರಕಾರ ಕಳವಿಗೆ ಮೂರು ವರ್ಷದವರೆಗೆ ಸೆರೆ, ಇಲ್ಲವೇ ದಂಡ, ಇಲ್ಲವೇ ಎರಡೂ. ಆದರೆ ಕದ್ದ ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದು, ಆರೋಪಿಗೆ ಅದೇ ಮೊದಲ ಸಲದ ಶಿಕ್ಷೆಯಾಗಿದ್ದು, ಅವನು ಮಾಲನ್ನೋ ಅದರ ಬೆಲೆಯನ್ನೋ ಹಿಂತಿರುಗಿಸಿದರೆ, ಶಿಕ್ಷೆ ಸಮುದಾಯ ಸೇವೆ ಮಾತ್ರ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಅನುಸೂಚಿ 5,000ದ ಒಳಗಿನ ಇಂಥ ಕಳವನ್ನು ಅಸಂಜ್ಞೇಯ ಎಂದು ಗುರುತಿಸಿದೆ. ಅಂದರೆ ನ್ಯಾಯಾಧೀಶರ ಆದೇಶವಿಲ್ಲದೆ ಪೊಲೀಸರು ತನಿಖೆ ನಡೆಸುವಂತಿಲ್ಲ. ‘ಪರ್ಸಿನಲ್ಲಿ ಮೂರು ಸಾವಿರ ತಾನೇ ಇದ್ದದ್ದು, ಎಫ್‌ಐಆರ್ ಬರುವುದಿಲ್ಲ’ ಎಂದು ಠಾಣೆಯಲ್ಲಿ ಹೇಳಿದರೆ ಅದು ಪೂರ್ತಿ ಸುಳ್ಳಲ್ಲ. ಹೊಟ್ಟೆಪಾಡಿಗೆ ಮೊದಲ ಸಲ ಕೈಚಾಚಿದವನನ್ನು ಜೈಲಿಗೆ ತಳ್ಳಬಾರದೆಂಬ ಉದ್ದೇಶವನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ 5,000 ಎಂಬ ಗೆರೆ ಎಲ್ಲರಿಗೂ ಒಂದೇ ಭಾರದ್ದಲ್ಲ. ಒಂಟಿ ಕೋಣೆಯಲ್ಲಿ ಸಂಸಾರ ಮಾಡುವ ಕಾರ್ಮಿಕರಿಗೆ ಅದು ತಿಂಗಳ ಬಾಡಿಗೆ. ಕಳ್ಳನಿಗೆ ತೋರಿಸಿದ ಕರುಣೆಯ ಭಾರ ಕಳಕೊಂಡವರ ಮೇಲೆ ಬೀಳಬಾರದು, ಈಗ ಆಗುತ್ತಿರುವುದು ಅದೇ.

ಹಾಗೆಂದು ದಾರಿ ಮುಚ್ಚಿಲ್ಲ. ಅಸಂಜ್ಞೇಯ ಎಂದರೆ ಬರೆದುಕೊಳ್ಳಬೇಕಾಗಿಲ್ಲ ಎಂದರ್ಥವಲ್ಲ. ಸುರಕ್ಷಾ ಸಂಹಿತೆಯ ಕಲಂ 174ರ ಪ್ರಕಾರ ಠಾಣಾಧಿಕಾರಿ ದೂರಿನ ಸಾರಾಂಶವನ್ನು ಪುಸ್ತಕದಲ್ಲಿ ದಾಖಲಿಸಲೇಬೇಕು, ದೂರುದಾರರನ್ನು ಮ್ಯಾಜಿಸ್ಟ್ರೇಟರ ಬಳಿಗೆ ಕಳಿಸಬೇಕು, ಇಂಥ ಪ್ರಕರಣಗಳ ದಿನಚರಿ ವರದಿಯನ್ನು ಹದಿನೈದು ದಿನಕ್ಕೊಮ್ಮೆ ಮ್ಯಾಜಿಸ್ಟ್ರೇಟರಿಗೆ ಸಲ್ಲಿಸಬೇಕು. ಠಾಣೆಯ ಮಾತಿನಲ್ಲಿ ಇದೇ ಎನ್‌ಸಿಆರ್. ಅದರ ಸಂಖ್ಯೆ ಕೇಳಿ ಪಡೆಯಿರಿ. ಮ್ಯಾಜಿಸ್ಟ್ರೇಟರು ಆದೇಶಿಸಿದರೆ ತನಿಖೆಯೂ ನಡೆಯುತ್ತದೆ. ಎಷ್ಟೋ ಸಲ ಪ್ರಕರಣ 5,000ದ ಗೆರೆಯೊಳಗೆ ಇರುವುದೇ ಇಲ್ಲ. ಪರ್ಸಿನ ಜೊತೆ ಮೊಬೈಲೂ ಹೋಗಿದ್ದರೆ ಒಟ್ಟು ಬೆಲೆ ಸಾಮಾನ್ಯವಾಗಿ ಗೆರೆ ದಾಟುತ್ತದೆ. ಕೈಯಿಂದ ಫಕ್ಕನೆ ಕಿತ್ತುಕೊಂಡು ಓಡಿದ್ದರೆ ಅದು ನ್ಯಾಯ ಸಂಹಿತೆಯ ಕಲಂ 304ರ ಕಸಿದೊಯ್ಯುವಿಕೆ. ಅಲ್ಲಿ ಬೆಲೆಯ ಲೆಕ್ಕವೇ ಇಲ್ಲ, ಅದು ಸಂಜ್ಞೇಯ. ಒಬ್ಬ ಗಮನ ಬೇರೆಡೆ ಸೆಳೆದು, ಇನ್ನೊಬ್ಬ ತೆಗೆದು, ಮೂರನೆಯವನಿಗೆ ದಾಟಿಸುವ ಗ್ಯಾಂಗಿನ ಕೆಲಸವಾಗಿದ್ದರೆ ಕಲಂ 112ರ ಸಣ್ಣ ಸಂಘಟಿತ ಅಪರಾಧವಾಗುತ್ತದೆ. ಜೇಬುಗಳ್ಳತನ ಎಂಬ ಮಾತು ಆ ಕಲಂನಲ್ಲೇ ಇದೆ, ಶಿಕ್ಷೆ ಒಂದರಿಂದ ಏಳು ವರ್ಷ. ಕದ್ದ ಕಾರ್ಡನ್ನು ಬಳಸಿದ್ದರೆ ವಂಚನೆಯೂ ಸೇರಿಕೊಳ್ಳುತ್ತದೆ. ಒಂದು ಪ್ರಕರಣದಲ್ಲಿ ಒಂದೇ ಒಂದು ಅಪರಾಧ ಸಂಜ್ಞೇಯವಾಗಿದ್ದರೂ ಇಡೀ ಪ್ರಕರಣ ಸಂಜ್ಞೇಯ ಎಂದು ಅದೇ ಕಲಂ 174 ಹೇಳುತ್ತದೆ. ಅದಕ್ಕೇ ದೂರಿನಲ್ಲಿ ವಿವರ ಮುಖ್ಯ. ‘ಪರ್ಸ್ ಕಳವಾಗಿದೆ, ಹುಡುಕಿಕೊಡಿ’ ಎಂಬ ಒಂದು ಸಾಲಿನ ಅರ್ಜಿಯಿಂದ ಇದಾವುದೂ ತಿಳಿಯುವುದಿಲ್ಲ. ‘ಸಂಜೆ ಏಳೂಕಾಲರ ಹೊತ್ತಿಗೆ ತರಕಾರಿ ಅಂಗಡಿ ಮುಂದೆ ನಿಂತಿದ್ದಾಗ ಒಬ್ಬನು ಎಡಗಡೆಯಿಂದ ಒತ್ತಿದನು, ಇನ್ನೊಬ್ಬನು ಹಿಂದೆ ನಿಂತಿದ್ದನು, ಹಿಂಜೇಬಿನಲ್ಲಿದ್ದ ಕಂದು ಚರ್ಮದ ಪರ್ಸಿನಲ್ಲಿ 500ರ ಆರು ನೋಟು, ಎರಡು ಕಾರ್ಡ್, ಡ್ರೈವಿಂಗ್ ಲೈಸೆನ್ಸ್ ಇದ್ದವು, 7.40ಕ್ಕೆ ಕಾರ್ಡಿನಿಂದ ಹಣ ಕಡಿತವಾದ ಮೆಸೇಜ್ ಬಂದಿದೆ’ ಎಂದು ಬರೆದರೆ ಯಾವ ಕಲಂ ಅನ್ವಯಿಸುತ್ತದೆಂಬುದು ದೂರಿನಿಂದಲೇ ಕಾಣುತ್ತದೆ. ಗೆರೆ ದಾಟಿಸಲೆಂದು ಮೂರು ಸಾವಿರವನ್ನು ಆರು ಸಾವಿರ ಮಾಡುವ ಕೆಲಸ ಮಾತ್ರ ಬೇಡ. ಒಂದು ಸುಳ್ಳು ಸಿಕ್ಕಿಬಿದ್ದರೆ ಉಳಿದ ನಿಜವೂ ನ್ಯಾಯಾಲಯದಲ್ಲಿ ಬೆಲೆ ಕಳೆದುಕೊಳ್ಳುತ್ತದೆ.

‘ಇದು ನಮ್ಮ ಲಿಮಿಟ್ ಅಲ್ಲ’ ಎಂಬ ಉತ್ತರಕ್ಕೂ ಕಾನೂನಿನಲ್ಲಿ ಜಾಗವಿಲ್ಲ. ಬಾಗಲಗುಂಟೆ ಠಾಣೆಯ ಸರಹದ್ದು ಎಲ್ಲಿ ಮುಗಿದು ಪೀಣ್ಯ ಠಾಣೆಯದು ಎಲ್ಲಿ ಶುರುವಾಗುತ್ತದೆಂದು ರಸ್ತೆಯಲ್ಲಿ ನಡೆಯುವವರಿಗೆ ತಿಳಿಯುವುದು ಹೇಗೆ? ಎಂಟನೇ ಮೈಲಿಯಲ್ಲಿ ಬಸ್ ಹತ್ತಿದವರಿಗೆ ಪರ್ಸ್ ಹೋದದ್ದು ಗೊತ್ತಾಗುವುದು ನೆಲಮಂಗಲದಲ್ಲಿ ಇಳಿದ ಮೇಲೂ ಇರಬಹುದು. ಸಂಜ್ಞೇಯ ಅಪರಾಧದ ಮಾಹಿತಿಯನ್ನು ಅದು ಯಾವ ಸರಹದ್ದಿನಲ್ಲಿ ನಡೆದಿದ್ದರೂ ದಾಖಲಿಸಿಕೊಳ್ಳಬೇಕೆಂದು ಸುರಕ್ಷಾ ಸಂಹಿತೆಯ ಕಲಂ 173 ಹೇಳುತ್ತದೆ. ಇದೇ ಝೀರೊ ಎಫ್‌ಐಆರ್. ಬಾಯಿಮಾತಿನಲ್ಲಿ ಹೇಳಿದರೂ ಸಾಕು. ಪೊಲೀಸರೇ ಬರೆದುಕೊಂಡು, ಓದಿ ಹೇಳಿ, ಸಹಿ ಪಡೆಯಬೇಕು. ಇ-ಮೇಲ್‌ನಂಥ ವಿದ್ಯುನ್ಮಾನ ರೂಪದಲ್ಲೂ ಕಳಿಸಬಹುದು, ಆದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಉಚಿತ. ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ಕಡ್ಡಾಯ ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2013ರ ನವೆಂಬರ್ 12ರಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ. ಮೂರು ವರ್ಷ ಅಥವಾ ಅದಕ್ಕಿಂತ ಹೆಚ್ಚು, ಆದರೆ ಏಳು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಗಳಲ್ಲಿ ಮೊದಲು ಪ್ರಾಥಮಿಕ ವಿಚಾರಣೆ ನಡೆಸಲು ಹೊಸ ಸಂಹಿತೆ ಅವಕಾಶ ಕೊಟ್ಟಿರುವುದು ನಿಜ; ಆದರೆ ಅದಕ್ಕೆ ಡಿವೈಎಸ್‌ಪಿ ದರ್ಜೆಯ ಅಧಿಕಾರಿಯ ಅನುಮತಿ ಬೇಕು, 14 ದಿನದಲ್ಲಿ ಮುಗಿಯಬೇಕು. ‘ನೋಡೋಣ, ನಾಳೆ ಬನ್ನಿ’ ಎನ್ನುವುದು ಆ ವಿಚಾರಣೆಯಲ್ಲ. ದೂರು ತೆಗೆದುಕೊಳ್ಳದಿದ್ದರೆ ಅದರ ಸಾರಾಂಶವನ್ನು ವಿಭಾಗದ ಡಿಸಿಪಿಗೆ ಅಂಚೆಯಲ್ಲಿ ಕಳಿಸಿ. ಅಲ್ಲಿಯೂ ಆಗದಿದ್ದರೆ ಪ್ರಮಾಣಪತ್ರದೊಂದಿಗೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಸಲ್ಲಿಸಬಹುದು.

ಇಷ್ಟೆಲ್ಲ ಮಾಡಿ ಒಂದು ದಿನದ ಕೂಲಿ ಕಳಕೊಂಡರೂ ಪರ್ಸ್ ಸಿಗುತ್ತದೆಯೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಖಾತ್ರಿ ಕೊಡಲು ಯಾರಿಂದಲೂ ಆಗದು. ಆದರೆ ಜೇಬುಗಳ್ಳರು ಒಂದೇ ಪರ್ಸ್ ಕದ್ದು ಸುಮ್ಮನಾಗುವುದು ಅಪರೂಪ. ಬೇರೆಲ್ಲೋ ಒಬ್ಬ ಸಿಕ್ಕಿಬಿದ್ದಾಗ ಅವನಲ್ಲಿ ಹತ್ತಾರು ಜನರ ವಸ್ತುಗಳಿರುತ್ತವೆ. ಅದರಲ್ಲಿ ನಿಮ್ಮದು ಯಾವುದೆಂದು ಪೊಲೀಸರು ಹೊಂದಿಸುವುದು ದಾಖಲಾದ ಪ್ರಕರಣಗಳೊಂದಿಗೆ. ನಮ್ಮ ಪೊಲೀಸರು ಪ್ರಾಪರ್ಟಿ ರಿಟರ್ನ್ ಪೆರೇಡ್ ಮಾಡಿ ಮಾಲು ಹಿಂತಿರುಗಿಸುವಾಗಲೂ ಕರೆಸುವುದು ದೂರು ಕೊಟ್ಟವರನ್ನು. ಶಿಕ್ಷೆಯ ವಿಷಯದಲ್ಲೂ ಅಷ್ಟೇ. ಎರಡನೇ ಸಲ ಅಪರಾಧಿ ಎಂದು ತೀರ್ಮಾನವಾದವನಿಗೆ ಕಲಂ 303 ಕನಿಷ್ಠ ಒಂದು ವರ್ಷ, ಗರಿಷ್ಠ ಐದು ವರ್ಷ ಕಠಿಣ ಸಜೆ ವಿಧಿಸುತ್ತದೆ. ಆದರೆ ಜನ ದೂರನ್ನೇ ಕೊಡದಿದ್ದರೆ ವರ್ಷಗಟ್ಟಲೆ ಇದೇ ಕಸುಬು ಮಾಡಿದವನೂ ನ್ಯಾಯಾಲಯದ ಮುಂದೆ ಮೊದಲ ಸಲದವನಾಗಿಯೇ ನಿಲ್ಲುತ್ತಾನೆ, ನಿಜವಾಗಿ ಮೊದಲ ಸಲ ತಪ್ಪಿದವನಿಗಾಗಿ ಇಟ್ಟ ರಿಯಾಯಿತಿಯನ್ನು ಅವನು ಪಡೆಯುತ್ತಾನೆ. ಇನ್ನು ಸಿಸಿಟಿವಿ. ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಹೆಚ್ಚು ಜನ ಸೇರುವ ಮಳಿಗೆಗಳು ಕ್ಯಾಮೆರಾ ಇಟ್ಟು 30 ದಿನದ ದೃಶ್ಯ ಉಳಿಸಬೇಕೆಂದು, ಪೊಲೀಸರು ಕೇಳಿದಾಗ ಕೊಡಬೇಕೆಂದು ಹೇಳುತ್ತದೆ. ಆಮೇಲೆ ಆ ದೃಶ್ಯ ಅಳಿಸಿಹೋಗಬಹುದು. ಅದನ್ನು ಕೇಳಿ ಪಡೆಯುವ ಅಧಿಕಾರ ಗಿರಾಕಿಗಿಲ್ಲ, ಪೊಲೀಸರಿಗಿದೆ. ಆದ್ದರಿಂದ ಅಂಗಡಿಯ ಹೆಸರು, ಕ್ಯಾಮೆರಾ ಇರುವ ಜಾಗ, ಸಮಯ ಇವನ್ನು ದೂರಿನಲ್ಲಿ ಸೇರಿಸಿ, ದೂರನ್ನು ಬೇಗ ಕೊಡಬೇಕು.

ಅನುಮಾನದ ಮೇಲೆ ಜನ ಯಾರನ್ನಾದರೂ ಹಿಡಿದಾಗ ಆಗುವ ಅನಾಹುತವನ್ನೂ ಇಲ್ಲಿ ಹೇಳಲೇಬೇಕು. ಬಿಹಾರ, ಒಡಿಶಾ, ಉತ್ತರ ಕರ್ನಾಟಕ ಹೀಗೆ ಹಲವು ಕಡೆಯಿಂದ ದುಡಿಯಲು ಬಂದವರು ಇರುವ ಪ್ರದೇಶವಿದು. ಭಾಷೆ ಬಾರದವನ ಮೇಲೆ ಮೊದಲು ಕಣ್ಣು ಬೀಳುತ್ತದೆ. ಕಣ್ಣೆದುರೇ ಸಂಜ್ಞೇಯವೂ ಜಾಮೀನುರಹಿತವೂ ಆದ ಅಪರಾಧ ಮಾಡಿದವನನ್ನು ಹಿಡಿಯಲು ಸುರಕ್ಷಾ ಸಂಹಿತೆಯ ಕಲಂ 40 ಸಾಮಾನ್ಯ ನಾಗರಿಕರಿಗೂ ಅವಕಾಶ ಕೊಟ್ಟಿದೆ, ಆದರೆ ತಡಮಾಡದೆ, ಹೆಚ್ಚೆಂದರೆ ಆರು ಗಂಟೆಯೊಳಗೆ, ಪೊಲೀಸರಿಗೆ ಒಪ್ಪಿಸಬೇಕು. ಬರೀ ಅನುಮಾನಕ್ಕೆ ಈ ಅಧಿಕಾರವಿಲ್ಲ. ಹೊಡೆಯುವ ಅಧಿಕಾರ ಯಾರಿಗೂ ಇಲ್ಲ. ಅಂಗಡಿಯ ಬಾಗಿಲು ಹಾಕಿ ಒಳಗಿದ್ದವರ ಬ್ಯಾಗು, ಜೇಬು ತಡಕಲು ಮಾಲೀಕನಿಗಾಗಲಿ ಸೆಕ್ಯೂರಿಟಿ ಗಾರ್ಡಿಗಾಗಲಿ ಕಾನೂನು ಅನುಮತಿ ಕೊಟ್ಟಿಲ್ಲ. 112ಕ್ಕೆ ಕರೆಮಾಡಿ ಪೊಲೀಸರು ಬರುವವರೆಗೆ ಕಾಯುವುದೇ ಸರಿಯಾದ ದಾರಿ. ಹೊಡೆತ ತಿಂದ ಅಮಾಯಕನೂ ದೂರು ಕೊಡಬಲ್ಲ; ಆಗ ಪರ್ಸ್ ಕಳಕೊಂಡವರೇ ಆರೋಪಿಯಾಗಿ ನಿಲ್ಲಬೇಕಾಗುತ್ತದೆ.

ದೂರು ದಾಖಲಾದ ಮೇಲೆ ತನಿಖೆ ಎಲ್ಲಿಗೆ ಬಂತೆಂದು 90 ದಿನದೊಳಗೆ ದೂರುದಾರರಿಗೆ ತಿಳಿಸುವುದು ಸುರಕ್ಷಾ ಸಂಹಿತೆಯ ಕಲಂ 193ರ ಪ್ರಕಾರ ಪೊಲೀಸರ ಕರ್ತವ್ಯ. ಕಳ್ಳ ಪತ್ತೆಯಾಗಲಿಲ್ಲವೆಂದು ‘ಸಿ’ ರಿಪೋರ್ಟ್ ಹಾಕಿದರೆ ನ್ಯಾಯಾಲಯ ಅದನ್ನು ಒಪ್ಪುವ ಮೊದಲು ನಿಮ್ಮ ಮಾತು ಕೇಳಬೇಕು. ಮಾಲು ಸಿಕ್ಕಿದ್ದರೆ ವಿಚಾರಣೆ ಮುಗಿಯುವವರೆಗೆ ಠಾಣೆಯಲ್ಲೇ ಕೊಳೆಯಲಿ ಎಂದು ಬಿಡಬೇಕಾಗಿಲ್ಲ. ಬಾಂಡ್ ಬರೆದುಕೊಟ್ಟು ಮಧ್ಯಂತರವಾಗಿ ಬಿಡಿಸಿಕೊಳ್ಳಲು ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬಹುದು. ವಕೀಲರ ಫೀಸಿಗೆ ಹೆದರಿ ಇದನ್ನೆಲ್ಲ ಕೈಬಿಡುವ ಪೀಣ್ಯದ ಕಾರ್ಮಿಕರಿಗೆ ಒಂದು ಮಾತು ತಿಳಿದಿರಲಿ: 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಕಲಂ 12 ಉಚಿತ ಕಾನೂನು ನೆರವಿಗೆ ಅರ್ಹರ ಪಟ್ಟಿಯಲ್ಲಿ ಮಹಿಳೆಯರನ್ನೂ ಪರಿಶಿಷ್ಟ ಜಾತಿ, ಪಂಗಡದವರನ್ನೂ ಕೈಗಾರಿಕಾ ಕಾರ್ಮಿಕರನ್ನೂ ಪ್ರತ್ಯೇಕವಾಗಿ ಹೆಸರಿಸಿದೆ. ಇವರಿಗೆ ಆದಾಯ ಮಿತಿಯ ಷರತ್ತಿಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ ಕೊಡಬಹುದು, ಇಲ್ಲವೇ 15100ಕ್ಕೆ ಕರೆಮಾಡಬಹುದು.