ಹೆಸರು ಮರೆತರೆ ಸರಿ, ದಾರಿ ಮರೆತರೆ?

ಪ್ರಶ್ನೆ: ಅಮ್ಮನಿಗೆ 74 ವರ್ಷ. 2015ರ ಗೊಮ್ಮಟಬೆಟ್ಟದ ಮಹಾಮಸ್ತಕಾಭಿಷೇಕವನ್ನು ಎಳೆಎಳೆಯಾಗಿ ವಿವರಿಸುತ್ತಾರೆ. ಬೆಳಿಗ್ಗೆ ತಿಂದ ನೀರುದೋಸೆ ನೆನಪಿರುವುದಿಲ್ಲ. ಕಳೆದ ತಿಂಗಳು ದೇವಸ್ಥಾನದಿಂದ ಬರುವಾಗ ಆನೆಕೆರೆ ಹತ್ತಿರ ದಾರಿ ತಿಳಿಯದೆ ನಿಂತಿದ್ದರು. ವಯಸ್ಸಾಯಿತಲ್ಲ ಎನ್ನುತ್ತಾರೆ ನೆಂಟರು. 52ರ ನನಗೂ ಈಚೆಗೆ ಪರಿಚಿತರ ಹೆಸರು ತಟ್ಟನೆ ಬರುವುದಿಲ್ಲ. ಇದು ನನಗೂ ಬರುವ ಕಾಯಿಲೆಯೇ ಡಾಕ್ಟ್ರೇ?
— ಓದುಗರೊಬ್ಬರು, ಕಾರ್ಕಳ

ಉತ್ತರ: ಮೊದಲು ನಿಮ್ಮ ಹೆದರಿಕೆಯ ಮಾತು. ಪೇಟೆಯಲ್ಲಿ ಸಿಕ್ಕವರ ಹೆಸರು ಬಾಯಿಗೆ ಬಾರದೆ, ಮನೆಗೆ ಬಂದ ಮೇಲೆ ಹೊಳೆದರೆ ಆ ನೆನಪು ಭದ್ರವಾಗಿಯೇ ಇದೆ. ವಯಸ್ಸಾದಂತೆ ಮಿದುಳಿನ ನರತಂತುಗಳ ಕೊಬ್ಬಿನ ಹೊದಿಕೆ ಸವೆದು ಸಂದೇಶ ನಿಧಾನವಾಗುತ್ತದೆ, ಅಷ್ಟೆ.

ಅಮ್ಮನ ವಿಷಯ ಹಾಗಲ್ಲ. ಹೊಸ ಸಂಗತಿ ನೆನಪಾಗಿ ನಿಲ್ಲಬೇಕಾದರೆ ಮಿದುಳಿನ ಒಳಬದಿಯ ಹಿಪೊಕ್ಯಾಂಪಸ್ ಅನ್ನು ತಲುಪಬೇಕು. ಅದರ ಹೆಬ್ಬಾಗಿಲು ಎಂಟೊರೈನಲ್ ಕಾರ್ಟೆಕ್ಸ್. ಇವೆರಡನ್ನು ಜೋಡಿಸುವ ನರಮಾರ್ಗ ಆರೋಗ್ಯವಂತರಲ್ಲೂ ವಯಸ್ಸಿನೊಂದಿಗೆ ತುಸು ಕ್ಷೀಣಿಸುತ್ತದೆ. ಆಲ್‌ಝೈಮರ್ ಕಾಯಿಲೆಯಲ್ಲಾದರೋ ಹೆಬ್ಬಾಗಿಲಿನ ಜೀವಕೋಶಗಳೇ ಮೊದಮೊದಲು ಸಾಯತೊಡಗುತ್ತವೆ. ನಾವು ಎಲ್ಲಿದ್ದೇವೆಂದು ಗುರುತಿಟ್ಟುಕೊಳ್ಳುವ ಕೋಶಗಳೂ ಈ ಎರಡು ಭಾಗಗಳಲ್ಲೇ ಇವೆ. ಅವನ್ನು ಕಂಡುಹಿಡಿದವರಿಗೆ 2014ರಲ್ಲಿ ನೊಬೆಲ್ ಬಂತು. ಹಾಗಾಗಿ ತಿಂಡಿ ಮರೆಯುವುದೂ ನಿತ್ಯ ನಡೆದ ದಾರಿ ತಪ್ಪುವುದೂ ಜೊತೆಜೊತೆಗೆ ಬರಬಹುದು. ಹಳೆಯ ನೆನಪುಗಳು ಮಿದುಳಿನ ಹೊರಪದರದಲ್ಲಿ ಹರಡಿಕೊಂಡಿರುವುದರಿಂದ ಬಹುಕಾಲ ಉಳಿಯುತ್ತವೆ. ಅದನ್ನೇ ನೋಡಿ ‘ಅಮ್ಮನಿಗೆ ನೆನಪು ಚೆನ್ನಾಗಿದೆ’ ಎಂದು ಮನೆಯವರು ಸುಮ್ಮನಾಗುವುದು ನನಗೆ ತುಂಬಾ ನೋವಿನ ಸಂಗತಿ. ಎಷ್ಟೋ ವರ್ಷ ಹಾಗೇ ಕಳೆದುಹೋಗುತ್ತದೆ.

ಆದರೆ ಪತ್ರ ಓದಿ ಡಿಮೆನ್ಶಿಯಾ (ಮರೆವಿನ ಕಾಯಿಲೆ) ಎಂದು ಹೇಳಲಾಗದು. ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ನಿದ್ದೆ ಮಾತ್ರೆ, ಕೆಲವು ಅಲರ್ಜಿ ಮಾತ್ರೆಗಳು ಕೂಡ ಮರೆವು ತರುತ್ತವೆ; ಇವನ್ನು ಸರಿಪಡಿಸಬಹುದು. ಕಾರ್ಕಳದ ತಾಲ್ಲೂಕು ಆಸ್ಪತ್ರೆಯಲ್ಲಿ ಫಿಸಿಶಿಯನ್‌ರನ್ನು ಕಂಡು ರಕ್ತಪರೀಕ್ಷೆ ಮಾಡಿಸಿ. ಅವರು ಹೇಳಿದರೆ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯ ನರರೋಗ ವಿಭಾಗಕ್ಕೆ ಹೋಗಿ. ಆಲ್‌ಝೈಮರ್ ಎಂದೇ ಆದರೆ ಡೊನೆಪೆಝಿಲ್‌ನಂಥ ಮಾತ್ರೆಯಿಂದ ಕೆಲಕಾಲ ಸ್ವಲ್ಪ ಅನುಕೂಲವಾಗಬಹುದು. ಗುಣವಾಗುತ್ತದೆಂದು ಭರವಸೆ ಕೊಡಲಾರೆ. ಬಿಪಿ, ಸಕ್ಕರೆ ಹಿಡಿತದಲ್ಲಿರಲಿ. ಕಿವಿ ಮಂದವಾಗಿದ್ದರೆ ಶ್ರವಣ ಸಾಧನ ಹಾಕಿಸಿ, ನಾಚಿಕೆ ಬೇಡ.

ಗೊಂದಲ ಒಂದೆರಡು ದಿನದಲ್ಲೇ ದಿಢೀರನೆ ಹೆಚ್ಚಾದರೆ ಕಾಯಬೇಡಿ. ಮೂತ್ರದ ಸೋಂಕು, ಸೋಡಿಯಂ ಇಳಿತ ಹಿರಿಯರಲ್ಲಿ ಹೀಗೇ ಕಾಣಿಸಿಕೊಳ್ಳುತ್ತವೆ. ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.

ಅಮ್ಮ ಕೇಳಿದ್ದನ್ನೇ ಕೇಳಿದರೆ ‘ಈಗ ತಾನೆ ಹೇಳಿದೆನಲ್ಲ’ ಎಂದು ಗದರಬೇಡಿ, ಮತ್ತೊಮ್ಮೆ ಹೇಳಿ. ಪರ್ಸಿನಲ್ಲಿ ನಿಮ್ಮ ಫೋನ್ ನಂಬರಿನ ಚೀಟಿ ಇರಲಿ. ವೈದ್ಯರಲ್ಲಿಗೆ ಹೋಗುವಾಗ ಅಮ್ಮ ನುಂಗುವ ಎಲ್ಲ ಮಾತ್ರೆಗಳನ್ನೂ, ಆಯುರ್ವೇದದ್ದೂ ಸೇರಿ, ಒಂದು ಚೀಲದಲ್ಲಿ ಕೊಂಡುಹೋಗಿ.